ನಾಲ್ಕೂವರೆ ಸ್ಟಾಸಿಯಾ ಒಲೆ ಕೊಂಡದ್ದು

ಭಾನುವಾರ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಪೋಲ್ಕಾ ಕುಣಿತವಿದೆ ಎಂದರೆ ಅಲ್ಲಿ ಸ್ಟಾಸಿಯಾ ವೆಲಿಟ್ಸ್ಕಿ ಇದ್ದೇ ಇರುತ್ತಿದ್ದಳು. ಎರಡು ಗಂಟೆಗೆ ಅಕಾರ್ಡಿಯನ್ ಉಸಿರೆಳೆದುಕೊಂಡಿತೋ ಇಲ್ಲವೋ, ಕ್ಲೆಮ್ ಸ್ಟುಪಾಕನ ಕೈ ಹಿಡಿದೆಳೆದು ನಡುಹಾಲಿಗೆ ಇಳಿಯುತ್ತಿದ್ದಳು. ಅರವತ್ತೊಂದು ವರ್ಷ, ತುಂಬಿದ ಮೈ, ಎಡಮಂಡಿಯಲ್ಲಿ ಸ್ವಲ್ಪ ತಕರಾರು. ಕುಣಿಯಲು ನಿಂತಳೆಂದರೆ ಆ ಮಂಡಿಯೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಾರುವ ಸ್ಕರ್ಟು, ಬೀದಿಗೆ ಕೇಳುವ ನಗು, ನಡುನಡುವೆ ಒಂದು ಕೇಕೆ. ಪಾದ್ರಿಗಳು ಕಾಫಿ ಲೋಟವನ್ನು ತಲೆಯ ಮೇಲೆತ್ತಿ ಹಿಡಿದು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು.

ಆದರೆ ಸರಿಯಾಗಿ ನಾಲ್ಕೂವರೆಗೆ, ಹಾಡು ಅರ್ಧದಲ್ಲಿದ್ದರೂ ಸರಿ, ಅವಳು ಕ್ಲೆಮ್‌ನ ಕೈ ಬಿಟ್ಟು, ಕೋಟು ಏರಿಸಿಕೊಂಡು ಹೊರಟುಬಿಡುತ್ತಿದ್ದಳು. ಕ್ಲೆಮ್ ಎರಡೂ ಕೈ ಚಾಚಿಕೊಂಡು ಬಸ್ಸು ತಪ್ಪಿದವನ ಹಾಗೆ ನಿಂತಿರುತ್ತಿದ್ದ. ಹನ್ನೊಂದು ವರ್ಷದಿಂದ ಹೀಗೇ. ಊರು ಅವಳಿಗೆ ನಾಲ್ಕೂವರೆ ಸ್ಟಾಸಿಯಾ ಎಂದು ಹೆಸರಿಟ್ಟು ಆಗಿತ್ತು.

ಕಾರಣ, ಮನೆಯ ಒಲೆ. ಪೆನ್ಸಿಲ್ವೇನಿಯದ ಗಟ್ಟಿ ಕಲ್ಲಿದ್ದಲಿನ ಸೀಮೆ ಅದು. ಅಕ್ಟೋಬರಿನಲ್ಲಿ ಹೊತ್ತಿಸಿದ ಬೆಂಕಿಯನ್ನು ಮೇ ತಿಂಗಳವರೆಗೆ ಆರಗೊಡಬಾರದು. ಆರಗೊಟ್ಟವರನ್ನು ಅಂಗಡಿಯಲ್ಲಿ ಕಂಡರೆ ಜನ ಬಡ ನೆಂಟರನ್ನು ಕಂಡ ಹಾಗೆ ಮಾತಾಡಿಸುತ್ತಾರೆ. ಸ್ಟಾಸಿಯಾಳದ್ದು ಕೈಯಲ್ಲಿ ಉಣಿಸುವ ಹಳೇ ಒಲೆ. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಜಾಲರಿ ಅಲುಗಾಡಿಸಿ, ಬೂದಿ ಕೆಡವಿ, ದಪ್ಪ ಕಲ್ಲಿದ್ದಲು ತುಂಬಬೇಕು. ಅರ್ಧ ಗಂಟೆ ತಡವಾದರೂ ಮುನಿಸಿಕೊಂಡು ಆರಿಹೋಗುವ ಒಲೆ. ಗಂಡ ಲೆನಾರ್ಡ್ ಬದುಕಿದ್ದಾಗ ಬೆಳಗಿನ ಪಾಳಿ ಅವನದು, ಸಂಜೆಯದು ಇವಳದು. ಅವನು ಹೋದ ಮೇಲೆ ಎರಡೂ ಇವಳದೇ ಆಯಿತು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸಿ ಬಂದು, ಮನೆಯಲ್ಲಿ ಈ ಕಬ್ಬಿಣದ ಮಗುವಿಗೂ ಉಣಿಸಬೇಕು. ಲೆನಾರ್ಡ್ ಹೋದ ಹದಿನಾಲ್ಕು ವರ್ಷಗಳಲ್ಲಿ ಚಳಿಗಾಲದ ಒಂದೇ ಒಂದು ರಾತ್ರಿಯೂ ಅವಳು ಹೊರಗೆ ಮಲಗಿದವಳಲ್ಲ.

ಚರ್ಚಿನ ಕುಣಿತವೂ ಚಳಿಗಾಲದಲ್ಲಷ್ಟೇ. ಹೀಗಾಗಿ ಕುಣಿತದ ಕೊನೆಯ ಹಾಡನ್ನು ಅವಳು ಕೇಳಿಯೇ ಇರಲಿಲ್ಲ. ಕೊನೆಗೆ ಏನು ನುಡಿಸುತ್ತಾರೆ, ಆಗ ಜನ ಏನು ಮಾಡುತ್ತಾರೆ, ಒಂದೂ ಗೊತ್ತಿರಲಿಲ್ಲ. ಕೇಳಲು ನಾಚಿಕೆ.

ಆ ನವೆಂಬರಿನಲ್ಲಿ ಚರ್ಚಿನ ಫಲಕದ ಮೇಲೆ ಒಂದು ಹಾಳೆ ಅಂಟಿತು. ಜನವರಿಯಲ್ಲಿ ಬೆಟ್ಟದ ಮೇಲಿನ ದೊಡ್ಡ ಹೋಟೆಲಿನಲ್ಲಿ ಮೂರು ದಿನದ ಪೋಲ್ಕಾ ಹಬ್ಬ, ಊರಿನಿಂದ ಬಸ್ಸು, ತಿಂಗಳ ಕೊನೆಯ ಶುಕ್ರವಾರದೊಳಗೆ ಹೆಸರು ಬರೆಸಬೇಕು. ಕ್ಲೆಮ್ ತನ್ನ ಹೆಸರು ಬರೆದು, ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ಪೆನ್ನನ್ನು ಸ್ಟಾಸಿಯಾಳ ಮೂಗಿನ ಕೆಳಗೆ ಹಿಡಿದ.

“ಬರಿ.”

“ತಲೆ ಕೆಟ್ಟಿದ್ಯಾ? ನನ್ನ ಒಲೆ ಯಾರು ನೋಡ್ಕೋತಾರೆ, ನಿಮ್ಮಪ್ಪನಾ?”

“ನಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತು. ಆದ್ರೂ ನಿನ್ನ ಒಲೆಗಿಂತ ಅವನೇ ಬೆಚ್ಚಗಿರ್ತಾನೆ. ನೋಡು ಸ್ಟಾಸಿ, ಅದನ್ನ ಎತ್ತಿ ಬಿಸಾಕು. ಒಂದು ಸ್ಟೋಕರ್ ತಗೋ. ಮೇಲೆ ಅಕ್ಕಿ ಸುರಿದ್ರೆ ತಾನೇ ತಳ್ಕೊಂಡು ತಾನೇ ಉರಿಯುತ್ತೆ, ಎರಡು ದಿನ ಯಾರ ಮುಖಾನೂ ನೋಡಲ್ಲ.”

ಅಕ್ಕಿ ಎಂದರೆ ಅಕ್ಕಿಕಾಳಿನ ಗಾತ್ರದ ಕಲ್ಲಿದ್ದಲು. ಸ್ಟೋಕರ್ ಒಲೆ ತಿನ್ನುವುದು ಅದನ್ನೇ. ಹೊಸದು ಕೊಳ್ಳುವುದು ಶಾಲೆಯ ಅಡುಗೆಯವಳ ಕೈಗೆಟುಕುವ ಮಾತಲ್ಲ. ಆದರೆ ಸೀಮೆಯಲ್ಲಿ ಹಳೆಯ ಸ್ಟೋಕರ್‌ಗಳಿಗೇನು ಬರ, ಪತ್ರಿಕೆಯ ಒಂದು ಪುಟವೇ ಅವಕ್ಕೆ ಮೀಸಲು. ಸ್ಟಾಸಿಯಾ ಹಾಳೆಯ ಖಾಲಿ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದಳು.

“ಪೆನ್ನು ನಿನ್ನ ಹತ್ರಾನೇ ಇರ್ಲಿ,” ಎಂದಳು. “ಒಲೆ ಸಿಗ್ಲಿ, ಬರೀತೀನಿ.”

ಮೊದಲನೆಯ ಒಲೆ ಒಬ್ಬನ ಗ್ಯಾರೇಜಿನಲ್ಲಿತ್ತು. ಮೈಯೆಲ್ಲ ಮಿರಮಿರ ಕಪ್ಪು ಬಣ್ಣ, ಹತ್ತಿರ ಹೋದರೆ ಪೇಂಟಿನ ವಾಸನೆಗೆ ಕಣ್ಣುರಿ. ಸ್ಟಾಸಿಯಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಎಷ್ಟು ಚೆನ್ನಾಗಿ ಸಿಂಗಾರ ಮಾಡಿದೀರಿ! ಹಿಂದಿನ ಮದುವೆಯಿಂದ ಎಷ್ಟು ಮಕ್ಕಳು?”

ಮಾರುವವನು ಹೆಹ್ಹೆ ಎಂದ. ಅವಳು ಕಲ್ಲಿದ್ದಲು ತುಂಬುವ ಡಬ್ಬದೊಳಗೆ ತೋಳಿನವರೆಗೆ ಕೈ ಇಳಿಸಿ ತಳವನ್ನು ಉಗುರಿನಿಂದ ಕೆರೆದಳು. ಬೇಸಿಗೆಯಿಡೀ ಒದ್ದೆ ಕಲ್ಲಿದ್ದಲು ಬಿಟ್ಟರೆ ಅಲ್ಲೇ ತುಕ್ಕು ಹಿಡಿಯುವುದು. ಚೂರು ಚೂರೇ ಕೆಳಗೆ ಬಿತ್ತು.

“ಸಣ್ಣ ತೂತು ಅಷ್ಟೇ ಅಮ್ಮಾ.”

“ಸಣ್ಣದಾ? ನನ್ನ ಹೆಬ್ಬೆರಳು ಆ ಕಡೆ ಬಂದು ನಿಮಗೆ ನಮಸ್ಕಾರ ಹೇಳ್ತಿದೆ, ನೋಡಿ. ನನ್ನದು ಸಣ್ಣ ಹೆಬ್ಬೆರಳಲ್ಲ!”

ಎರಡನೆಯದು ನೀಲಿ ಬಣ್ಣದ್ದು, ಉರಿಯುತ್ತಿತ್ತು. ಕ್ಲೆಮ್‌ಗೆ ನೋಡಿದ ಕೂಡಲೇ ಪ್ರೀತಿಯಾಯಿತು. ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಂಗೈ ಕಾಯಿಸಿಕೊಳ್ಳುತ್ತಾ, “ಇದೇ ಇರ್ಲಿ ಕಣೇ, ಇದೇ ಇರ್ಲಿ,” ಎಂದು ಹಲುಬತೊಡಗಿದ. ಸ್ಟಾಸಿಯಾ ಒಲೆಯ ಕಡೆ ನೋಡಲೇ ಇಲ್ಲ. ಮನೆಯೊಡತಿಯನ್ನು ಕೇಳಿದಳು: “ಬೂದಿ ಬಕೆಟ್ಟು ಎಲ್ಲಿ?”

ಒಲೆಯ ಜಾತಕವೆಲ್ಲ ಬೂದಿಯಲ್ಲಿದೆ ಎಂಬುದು ಸ್ಟಾಸಿಯಾಳ ನಂಬಿಕೆ. ಒಲೆ ಸುಳ್ಳು ಹೇಳೀತು, ಒಲೆಯೊಡೆಯ ಹೇಳಿಯೇ ಹೇಳುತ್ತಾನೆ, ಬೂದಿಗೆ ಮಾತ್ರ ಆ ಚಾಳಿಯಿಲ್ಲ. ಹಿತ್ತಲಲ್ಲಿದ್ದ ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಬೂದಿಯ ನಡುವೆ ಕಪ್ಪು ಕಾಳುಗಳು, ಸುಡದೆ ಹಾಗೇ ಹೊರಗೆ ಬಿದ್ದವು.

“ಇದು ಅರ್ಧ ತಿಂದು ಅರ್ಧ ಉಗುಳ್ತಿದೆ ಕ್ಲೆಮ್. ಜಾಲರಿ ಸುಟ್ಟು ಸೊಟ್ಟಗಾಗಿದೆ. ಏಳು ಮೇಲೆ.”

“ಬಣ್ಣ ಚೆನ್ನಾಗಿತ್ತಲ್ಲೇ...”

“ನೀಲಿ ಬಣ್ಣ ಬೇಕಾದ್ರೆ ನೀಲಿ ಅಂಗಿ ಹಾಕ್ಕೋ. ಕೊಡಿಸ್ತೀನಿ.”

ಕ್ಲೆಮ್ ಮನೆಗೆ ಮರಳುವ ದಾರಿಯುದ್ದಕ್ಕೂ ಅಂಗಿಯ ಬಗ್ಗೆಯೇ ಯೋಚಿಸುತ್ತಿದ್ದ. ಸ್ಟಾಸಿಯಾ ಯಾರಿಗೂ ಅಂಗಿ ಕೊಡಿಸಿದ್ದು ಅವನು ಕೇಳಿರಲಿಲ್ಲ.

ಮೂರನೆಯ ಜಾಹೀರಾತಿನಲ್ಲಿ ಎರಡೇ ಸಾಲು. ಸ್ಟೋಕರ್ ಒಲೆ ಮಾರಾಟಕ್ಕಿದೆ, ತಿಳಿದವರು ಮಾತ್ರ ಬನ್ನಿ. ಬೆಟ್ಟದ ಆಚೆ ಬದಿ, ಪಿಕಪ್‌ನಲ್ಲಿ ನಲವತ್ತು ನಿಮಿಷ. ಬಾಗಿಲು ತೆರೆದವನು ಗ್ರಿಗಾಲಿಸ್ ಎಂಬ ಎಂಬತ್ತನಾಲ್ಕರ ಮುದುಕ. ಲಿಥುವೇನಿಯದವರ ಮೂಗು, ಬಿಳಿ ಹುಬ್ಬು, ಮುಖದಲ್ಲಿ ಜಗತ್ತಿನ ಮೇಲೆಲ್ಲ ಅಸಮಾಧಾನ. ಮನೆಯ ಸಾಮಾನು ಅರ್ಧ ಪೆಟ್ಟಿಗೆಗಳಲ್ಲಿತ್ತು. ತಿಂಗಳ ಕೊನೆಗೆ ಅವನು ತಂಗಿಯ ಫ್ಲಾಟಿಗೆ ಹೋಗುವವನಿದ್ದ. ಅದು ಬೆಟ್ಟದ ಈಚೆ, ಸ್ಟಾಸಿಯಾಳ ಮನೆಗೆ ಹತ್ತು ನಿಮಿಷದ ದಾರಿ.

“ನೋಡ್ಕೊಳ್ಳಿ, ಅಲ್ಲಿದೆ,” ಎಂದು ಮುದುಕ ಗದ್ದದಲ್ಲೇ ತೋರಿಸಿದ.

“ಮೊದಲು ಬೂದಿ ತೋರ್ಸಿ,” ಎಂದಳು ಸ್ಟಾಸಿಯಾ.

“ಏನಂದೆ?”

“ಬೂದಿ ಅಂದೆ. ಆಮೇಲೆ ಒಲೆ.”

ಮುದುಕನ ಹುಬ್ಬು ಮೇಲೇರಿತು. ಒಳಗೆ ಹೋದವನು ಬೂದಿಯ ಬಕೆಟ್ಟನ್ನು ಎರಡೂ ಕೈಯಲ್ಲಿ, ಮೊಮ್ಮಗುವನ್ನು ನೆಂಟರಿಗೆ ತೋರಿಸುವವನಂತೆ ಹಿಡಿದು ತಂದ. ನಸುಗುಲಾಬಿ ಬಣ್ಣದ ಬೂದಿ, ಜರಡಿ ಹಿಡಿದ ಹಾಗೆ ನಯ, ಒಂದೇ ಒಂದು ಕಪ್ಪು ಕಾಳಿಲ್ಲ. ಕೆಂಬೂದಿಯ ಕಲ್ಲಿದ್ದಲು! ಆ ಸೀಮೆಯಲ್ಲಿ ಕೆಂಬೂದಿಯವರು, ಬಿಳಿಬೂದಿಯವರು ಎಂದು ಎರಡು ಪಂಗಡ. ಮದುವೆ ಸಂಬಂಧ ಬೆಳೆಸುತ್ತಾರೆ, ಆದರೆ ಒಬ್ಬರ ಕಲ್ಲಿದ್ದಲನ್ನು ಇನ್ನೊಬ್ಬರು ಮೆಚ್ಚಿದ ಉದಾಹರಣೆಯಿಲ್ಲ. ಸ್ಟಾಸಿಯಾ ಹುಟ್ಟಾ ಕೆಂಬೂದಿಯವಳು. ಚಿಟಿಕೆ ಬೂದಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು.

“ಅಯ್ಯೋ, ಇದನ್ನ ಮುಖಕ್ಕೇ ಹಚ್ಕೋಬಹುದು!”

“ಹಚ್ಕೋ, ಯಾರು ಬೇಡ ಅಂದ್ರು?” ಎಂದ ಗ್ರಿಗಾಲಿಸ್, ಮೊದಲ ಸಲ ನಗುತ್ತಾ.

ಆಮೇಲೆ ಒಲೆ. ಬಣ್ಣವಿಲ್ಲ, ಬಿನ್ನಾಣವಿಲ್ಲ, ಡಬ್ಬದ ತಳ ಗಟ್ಟಿ, ಫ್ಯಾನಿನ ಸದ್ದು ಮಲಗಿದ ಬೆಕ್ಕಿನಷ್ಟೇ. ಕಲ್ಲಿದ್ದಲು ತಳ್ಳುವ ಪಟ್ಟಿ ಟಿಕ್ ಎನ್ನುವುದು, ನಿಲ್ಲುವುದು, ಮತ್ತೆ ಟಿಕ್. ಗಾಜಿನ ಹಿಂದೆ, ಕೆಂಡದ ಹಾಸಿನ ಮೇಲೆ, ನೀಲಿ ಉರಿಗಳು ಬೆರಳುದ್ದ ಎದ್ದು ಬಳುಕುತ್ತಿದ್ದವು.

“ನನ್ನ ಹೆಂಡ್ತಿ ಒನಾ ಅವನ್ನ ಹುಡುಗೀರು ಅಂತಿದ್ಲು,” ಎಂದ ಮುದುಕ. “ಹುಡುಗೀರು ಇವತ್ತು ಚೆನ್ನಾಗಿ ಕುಣೀತಿದಾರೆ ಅಂದ್ರೆ, ಹೊರಗೆ ಚಳಿ ಜೋರು ಅಂತ ಅರ್ಥ.”

ಸ್ಟಾಸಿಯಾ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಇದೇ ಒಲೆ. ಇನ್ನೊಂದನ್ನು ನೋಡುವ ಮಾತೇ ಇಲ್ಲ. ಕ್ಲೆಮ್ ಜೇಬಿನಲ್ಲಿ ಪೆನ್ನನ್ನು ಮುಟ್ಟಿ ನೋಡಿಕೊಂಡ.

“ಒಂದು ಷರತ್ತಿದೆ,” ಎಂದ ಗ್ರಿಗಾಲಿಸ್. “ಈ ಬೆಂಕಿ ಹೋದ ವರ್ಷ ಅಕ್ಟೋಬರ್‌ನಲ್ಲಿ ಒನಾ ಹಚ್ಚಿದ್ದು. ಎರಡು ವಾರಕ್ಕೆ ಅವಳು ಹೋದ್ಲು. ಆವತ್ತಿಂದ ನಾನಿದನ್ನ ಆರೋಕೆ ಬಿಟ್ಟಿಲ್ಲ.”

“ಬೇಸಿಗೇಲೂ?” ಎಂದ ಕ್ಲೆಮ್.

“ಜುಲೈನಲ್ಲೂ. ಕಿಟಕಿ ಎಲ್ಲಾ ತೆಗೆದು ಚಡ್ಡೀಲಿ ಕೂತಿದ್ದೆ. ಒಲೆ ಜೊತೆ ಬೆಂಕಿಯನ್ನೂ ತಗೊಂಡು ಹೋಗ್ಬೇಕು. ಅವಳ ಬೆಂಕಿಗೆ ಬೇರೆ ಬೆಂಕಿ ಬೆರೆಸ್ಬಾರದು. ಆರಿತೋ, ಒಲೆ ವಾಪಸ್ ತಂದಿಡ್ಬೇಕು. ಹಿಂದೆ ಬಂದವರೆಲ್ಲ ನಕ್ಕು ಹೋದ್ರು.”

ಸ್ಟಾಸಿಯಾ ನಗಲಿಲ್ಲ. ಕೈಯೊಡ್ಡಿದಳು. ಇಬ್ಬರ ಕೈಯೂ ಬೂದಿ ಬೂದಿ.

ಶುಕ್ರವಾರ ಹೆಸರು ಬರೆಸುವ ಕೊನೆಯ ದಿನ, ಒಲೆ ಸಾಗಿಸುವುದು ಅದಕ್ಕೆ ಎರಡು ದಿನ ಮೊದಲು, ಬುಧವಾರ ಎಂದಾಯಿತು. ಆ ಬೆಳಿಗ್ಗೆ ಸ್ಟಾಸಿಯಾ ಶಾಲೆಗೆ ರಜೆ ಹಾಕಿ, ತನ್ನ ಒಲೆಗೆ ಉಣಿಸದೆ ಕೈಕಟ್ಟಿ ನಿಂತು, ಅದು ಮೆಲ್ಲಗೆ ಕಪ್ಪಾಗುವುದನ್ನು ನೋಡಿದಳು. ಅಳು ಬಂತು, ಜೊತೆಗೆ ನಗುವೂ ಬಂತು, ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಯಲಿಲ್ಲ. ಕ್ಲೆಮ್ ಮತ್ತು ಅವನ ಬೌಲಿಂಗ್ ತಂಡದ ಇಬ್ಬರು ಗೆಳೆಯರು ಹಳೇ ಒಲೆಯನ್ನು ಹಿತ್ತಲಿಗೆ ಇಳಿಸಿದರು. ಯೋಜನೆ ಬಹಳ ಸರಳವಾಗಿತ್ತು. ಗ್ರಿಗಾಲಿಸ್‌ನ ಕೆಂಡವನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ತರುವುದು, ಹಿತ್ತಲ ಒಲೆಯಲ್ಲಿ ಒಂದು ಗಂಟೆ ಕಾದಿಡುವುದು, ಅಷ್ಟರಲ್ಲಿ ಹೊಸ ಒಲೆಗೆ ಹೊಗೆ ಕೊಳವೆ ಜೋಡಿಸಿ ಅದರೊಳಗೆ ಸುರಿಯುವುದು.

ಬೆಟ್ಟದಾಚೆ ಎಲ್ಲವೂ ಹಾಗೇ ನಡೆಯಿತು. ಬಕೆಟ್ಟಿನ ತಳಕ್ಕೆ ಮರದ ಇದ್ದಿಲು ಹಾಸಿ ಗ್ರಿಗಾಲಿಸ್ ತಾನೇ ಕೆಂಡ ತುಂಬಿದ. ಗಂಡಸರು ಚರ್ಮದ ಕೈಗವಸು ಹಾಕಿಕೊಂಡು, ಇನ್ನೂ ಬಿಸಿಯಿದ್ದ ಒಲೆಯನ್ನು ಉಫ್ ಉಫ್ ಎನ್ನುತ್ತಾ ಪಿಕಪ್ ಮೇಲೇರಿಸಿದರು. ಬಕೆಟ್ಟನ್ನು ಹಿಂದೆ ಕಟ್ಟಿದ್ದಾಯಿತು. ಮುದುಕ ಹೊಸ್ತಿಲಲ್ಲಿ ನಿಂತು ಕೈಯನ್ನೂ ಬೀಸಲಿಲ್ಲ. ಬಕೆಟ್ಟನ್ನೇ ನೋಡುತ್ತಿದ್ದ.

ಬೆಟ್ಟ ಇಳಿದು ತಿರುವು ದಾಟಿದರೆ, ರಸ್ತೆ ಕಟ್ಟಿಹೋಗಿತ್ತು. ಕಲ್ಲಿದ್ದಲಿನ ಲಾರಿಯೊಂದರ ಹಿಂಬಾಗಿಲು ತೆರೆದುಕೊಂಡು, ರಸ್ತೆಯ ಮೇಲೆ ಟನ್ನುಗಟ್ಟಲೆ ಅಕ್ಕಿ ಹರಡಿ ಬಿಸಿಲಿಗೆ ಮಿನುಗುತ್ತಿತ್ತು. ಹಿಂದೆ ಮುಂದೆ ನಿಂತ ಕಾರುಗಳ ಬಾಗಿಲುಗಳೆಲ್ಲ ತೆರೆದಿದ್ದವು. ಜನ ರಸ್ತೆಗಿಳಿದಿದ್ದರು. ಡ್ರೈವರು ತಲೆಯ ಮೇಲೆ ಕೈಹೊತ್ತು ಕೂಗುತ್ತಿದ್ದ: “ತಗೊಂಡ್ಹೋಗಿ ಮಾರಾಯ್ರೇ, ನನಗೆ ಗುಡಿಸೋದಾದ್ರೂ ತಪ್ಪತ್ತೆ!”

ಬಿಟ್ಟಿ ಕಲ್ಲಿದ್ದಲು! ಆ ಸೀಮೆಯವರನ್ನು ಶವಪೆಟ್ಟಿಗೆಯಿಂದಲೂ ಎಬ್ಬಿಸಬಲ್ಲ ಮಾತದು. ಸೂಟು ಹಾಕಿದ ಬ್ಯಾಂಕಿನವನೊಬ್ಬ ಚೀಲದಿಂದ ಕಾಗದ ತೆಗೆದು ಕಲ್ಲಿದ್ದಲು ತುಂಬುತ್ತಿದ್ದ. ಒಬ್ಬಾಕೆ ಮಗುವಿನ ಗಾಡಿ ಖಾಲಿ ಮಾಡಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಗಾಡಿಗೆ ಸುರಿಯುತ್ತಿದ್ದಳು. ಸ್ಟಾಸಿಯಾ ಒಂದು ಹಿಡಿ ಎತ್ತಿ ನೋಡಿದಳು. ಥಳಥಳ, ಕಲ್ಲಿಲ್ಲ, ಮಣ್ಣಿಲ್ಲ.

“ಕ್ಲೆಮ್! ಬಕೆಟ್ಟು!”

“ಯಾವ್ದು?”

“ಖಾಲಿ ಇರೋದು, ಪೆದ್ದ! ಸಲಿಕೆ ಎಲ್ಲಿ? ಅಯ್ಯೋ, ಆ ದಪ್ಪಯ್ಯ ಎಲ್ಲಾ ಬಾಚ್ಕೊಂಡು ಹೋಗ್ತಾನೆ, ಅಡ್ಡ ನಿಂತ್ಕೋ, ಅಡ್ಡ ನಿಂತ್ಕೋ!”

ಎರಡು ಬಕೆಟ್ಟು ತುಂಬಿತು. ಕ್ಲೆಮ್‌ನ ಟೊಪ್ಪಿ ತುಂಬಿತು. ಸ್ಟಾಸಿಯಾ ಕೋಟು ಬಿಚ್ಚಿ ಹಾಸಿ ಅದರಲ್ಲೂ ಗಂಟು ಕಟ್ಟಿದಳು. ಮುಖವೆಲ್ಲ ಮಸಿ, ನಕ್ಕರೆ ಹಲ್ಲು ಮಾತ್ರ ಕಾಣುತ್ತಿತ್ತು. ಬ್ಯಾಂಕಿನವನ ಚೀಲ ಹರಿದಾಗ ಅವನಿಗೂ ಒಂದು ಗೋಣಿ ಹುಡುಕಿಕೊಟ್ಟಳು. ದಾರಿ ತೆರವಾಗಿ ಹಿಂದಿನವರು ಹಾರನ್ ಹೊಡೆದಾಗಲೇ ಅವಳಿಗೆ ಬೆಂಕಿಯ ನೆನಪಾದದ್ದು.

ಓಡಿಹೋಗಿ ಮುಚ್ಚಳ ತೆಗೆದಳು. ಬೂದಿ ಮುಚ್ಚಿದ ಕೆಂಡ, ಅಂಚೆಲ್ಲ ಕಪ್ಪು, ನಡುವೆ ಅಂಗೈಯಷ್ಟು ಕೆಂಪು. ಊದಿದಳು. ಕೆಂಪು ಒಮ್ಮೆ ಕಣ್ಣುಬಿಟ್ಟು ಮತ್ತೆ ಮುಚ್ಚಿತು.

“ಮುಕ್ಕಾಲು ಗಂಟೆ ಕಲ್ಲಿದ್ದಲು ಬಾಚಿದೀವಿ ಕ್ಲೆಮ್! ಒನಾಳ ಬೆಂಕೀನ ಬಿಟ್ಟು! ನನ್ನಂಥ ದುರಾಸೆ ಮುಂಡೆ ಈ ಭೂಮಿ ಮೇಲಿಲ್ಲ!”

“ಅಳ್ಬೇಡ, ಊದು. ಇಲ್ಲೇ ಮುಂದೆ ಫೈರ್ ಸ್ಟೇಷನ್ ಬಾರ್ ಇದೆ, ಅಲ್ಲಿ ಒಲೆ ಇದೆ.”

ಬೆಂಕಿ ಆರಿಸುವ ದಳದವರು ಬಿಡುವಿನಲ್ಲಿ ಬಿಯರ್ ಕುಡಿಯುವ ಜಾಗ ಅದು. ನೋಡಿಕೊಳ್ಳುತ್ತಿದ್ದವಳು ಹನೋರಾ ಎಂಬ ಐರಿಷ್ ಹೆಂಗಸು. ಮಸಿ ಬಳಿದ ಮುಖದ ಸ್ಟಾಸಿಯಾ ಬಕೆಟ್ಟು ಅಪ್ಪಿಕೊಂಡು ನುಗ್ಗಿದ್ದನ್ನು ಕಂಡು ಆಕೆ ಲೋಟ ಒರೆಸುವುದನ್ನು ನಿಲ್ಲಿಸಿದಳು.

“ಹನೋರಾ, ಬೆಂಕಿ ಉಳಿಸು! ಸಾಯ್ತಿದೆ!”

“ಇಪ್ಪತ್ತು ವರ್ಷದಿಂದ ಇಲ್ಲಿದೀನಿ, ಬೆಂಕಿ ಆರಿಸಿ ಅಂತ ಬಂದವರನ್ನೇ ನೋಡಿದೀನಿ. ಉಳಿಸಿ ಅಂತ ಬಂದವಳು ನೀನೇ ಮೊದಲು. ತಾ ಇಲ್ಲಿ.”

“ನಿಲ್ಲು! ನಿಂದು ಯಾವ ಬೂದಿ?”

“ಬಿಳಿ. ಮತ್ತೇನು, ನಿಮ್ಮ ಹಾಗೆ ಇಟ್ಟಿಗೆ ಪುಡಿ ಸುಡೋಕಾಗತ್ತಾ?”

“ಹಾಗಾದ್ರೆ ಬೆರೆಸ್ಬೇಡ. ಒಂದು ಮೂಲೇಲಿಡು. ನಡುವೆ ಇಟ್ಟಿಗೆ ಇಡು. ಮುದುಕನಿಗೆ ಮಾತು ಕೊಟ್ಟಿದೀನಿ.”

ಹನೋರಾ ನಿಟ್ಟುಸಿರು ಬಿಟ್ಟು ಒಲೆಯ ಬಾಗಿಲು ತೆರೆದು, ತನ್ನ ಕೆಂಡವನ್ನು ಎಡಕ್ಕೆ ಸರಿಸಿ, ನಡುವೆ ಒಂದು ಇಟ್ಟಿಗೆ ನಿಲ್ಲಿಸಿ, ಬಲಕ್ಕೆ ಒನಾಳ ಕೆಂಡ ಸುರಿದಳು. ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಸುತ್ತ ನೆರೆದು ಸಲಹೆ ಕೊಡತೊಡಗಿದರು. ಎರಡು ನಿಮಿಷ ಬಲಗಡೆ ಕಪ್ಪಗೇ ಇತ್ತು. ಮೂರನೆಯ ನಿಮಿಷಕ್ಕೆ ಇಟ್ಟಿಗೆ ಮಗುಚಿ ಬಿತ್ತು. ಎಡಗಡೆಯದು ಬಲಕ್ಕೆ ಉರುಳಿ, ಎಲ್ಲವೂ ಒಟ್ಟಿಗೇ ಭುಗ್ಗೆಂದು ಹೊತ್ತಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಸ್ಟಾಸಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಯಾವ್ದು ಯಾವ್ದು ಅಂತ ಈಗ ಹೇಗೆ ಹೇಳ್ಲಿ?” ಎಂದಳು ಹನೋರಾ ಸಲಿಕೆ ಹಿಡಿದು.

“ತುಂಬು, ಎಲ್ಲಾ ತುಂಬು,” ಎಂದ ಕ್ಲೆಮ್. ಸ್ಟಾಸಿಯಾಳ ಕಿವಿಯಲ್ಲಿ ಮೆಲ್ಲಗೆ, “ಮುದುಕನಿಗೆ ಹೇಗೆ ಗೊತ್ತಾಗತ್ತೆ?” ಎಂದ.

“ನನಗೆ ಗೊತ್ತಲ್ಲ, ಕತ್ತೆ.”

ಸಂಜೆಯ ಹೊತ್ತಿಗೆ ಒಲೆ ಸ್ಟಾಸಿಯಾಳ ನಡುಮನೆಯಲ್ಲಿ ಟಿಕ್ ಎನ್ನುತ್ತಿತ್ತು. ಗಾಜಿನ ಹಿಂದೆ ಹುಡುಗಿಯರು ಎದ್ದು ಬಳುಕಿದರು. ಐದು ಗಂಟೆಗೆ ಅವಳ ಕೈ ಅಭ್ಯಾಸಬಲದಿಂದ ಸಲಿಕೆ ಹುಡುಕಿತು, ಮಾಡಲು ಏನೂ ಇರಲಿಲ್ಲ. ಮನೆ ಬೆಚ್ಚಗಿತ್ತು. ಅವಳಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಕ್ಲೆಮ್ ಚಾಚಿದ ಪೆನ್ನನ್ನು ತಳ್ಳಿಬಿಟ್ಟಳು.

ಗುರುವಾರ ಶಾಲೆ ಮುಗಿದದ್ದೇ, ತಾನು ಮಾಡಿದ ಅಕ್ರೋಟಿನ ಸುರುಳಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಹೊಸ ಒಲೆಯ ಮೊದಲ ಬೂದಿಯನ್ನು ಕಾಫಿ ಡಬ್ಬಿಯಲ್ಲಿ ತುಂಬಿಕೊಂಡು, ಗ್ರಿಗಾಲಿಸ್‌ನ ತಂಗಿಯ ಫ್ಲಾಟಿಗೆ ಹೋದಳು. ಮುದುಕ ಆ ಬೆಳಿಗ್ಗೆಯಷ್ಟೇ ಅಲ್ಲಿಗೆ ಬಂದಿಳಿದಿದ್ದ. ಗೋಡೆಗಂಟಿದ ಕರೆಂಟಿನ ಹೀಟರೊಂದರ ಪಕ್ಕ, ಅದಕ್ಕೆ ಬೆನ್ನು ತಿರುಗಿಸಿ ಕುಳಿತಿದ್ದ. ರೊಟ್ಟಿಯ ಕಡೆ ಕಣ್ಣೆತ್ತದೆ ಡಬ್ಬಿಗೆ ಕೈ ಚಾಚಿದ.

ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಗುಲಾಬಿ ಬೂದಿ. ಅದರ ನಡುವೆ ಅಲ್ಲಲ್ಲಿ ಬೆಳ್ಳಗಿನ ಚೂರುಗಳು.

“ಬಿಳಿ ಎಲ್ಲಿಂದ ಬಂತು?”

ಸ್ಟಾಸಿಯಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಲಾರಿ, ಬ್ಯಾಂಕಿನವನು, ಟೊಪ್ಪಿ, ಹನೋರಾಳ ಇಟ್ಟಿಗೆ. “ತಪ್ಪು ನಂದೇ. ಅರ್ಧ ನಿಮ್ಮ ಒನಾ ಅವ್ರದ್ದು, ಅರ್ಧ ಫೈರ್ ಸ್ಟೇಷನ್ನಿಂದು. ಅರ್ಧವೂ ಇದೆಯೋ ಇಲ್ವೋ. ನಾಳೆ ಒಲೆ ವಾಪಸ್ ಕಳಿಸ್ತೀನಿ,” ಎಂದು ಮುಗಿಸಿದಳು.

ಗ್ರಿಗಾಲಿಸ್ ಡಬ್ಬಿಯೊಳಗೆ ಬೆರಳಾಡಿಸಿ ಒಂದು ಬಿಳಿ ಚೂರು ಎತ್ತಿದ.

“ಎಷ್ಟು ತುಂಬಿದ್ರಿ?”

“ಏನು?”

“ಬಿಟ್ಟಿ ಕಲ್ಲಿದ್ದಲು. ಎಷ್ಟು ಬಕೆಟ್ಟು?”

“ಎರಡು. ಮತ್ತೆ ಒಂದು ಟೊಪ್ಪಿ. ಮತ್ತೆ ನನ್ನ ಕೋಟು.”

“ಎರಡೇನಾ?” ಮುದುಕನ ಭುಜ ಕುಣಿಯತೊಡಗಿತು. “ಒನಾ ಆಗಿದ್ರೆ ಆರು ತುಂಬ್ತಿದ್ಲು! ಡ್ರೈವರ್ ಸೀಟನ್ನೂ ಬಿಡ್ತಿರ್ಲಿಲ್ಲ!” ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ತಂಗಿ ಒಳಗಿನಿಂದ ನೀರು ತಂದಳು. ಕುಡಿದು ಕಣ್ಣೊರೆಸಿಕೊಂಡ.

“ಕೇಳು ಹುಡುಗಿ, ಇದನ್ನ ಯಾರಿಗೂ ಹೇಳಿಲ್ಲ. ಫೆಬ್ರವರೀಲಿ ಎರಡು ದಿನ ಕರೆಂಟು ಹೋಗಿತ್ತು. ಕರೆಂಟಿಲ್ದೆ ಸ್ಟೋಕರ್ ಎಲ್ಲಿ ಉರಿಯತ್ತೆ? ಆರಿತು. ನನ್ನ ಕಣ್ಣ ಮುಂದೇನೇ ಆರಿತು. ಕತ್ತಲೇಲಿ ಕೂತು ಅತ್ತೆ. ಆಮೇಲೆ ಪಕ್ಕದ್ಮನೆ ಐರಿಷ್‌ನೋಳ ಹತ್ರ ಹೋಗಿ ಒಂದು ಬಕೆಟ್ಟು ಕೆಂಡ ಬೇಡ್ಕೊಂಡು ಬಂದೆ. ಅವಳದ್ದೂ ಬಿಳಿ ಬೂದಿ.”

ಸ್ಟಾಸಿಯಾ ಸೊಂಟದ ಮೇಲೆ ಕೈಯಿಟ್ಟಳು. “ಮತ್ತೆ... ಮತ್ತೆ ಆ ಷರತ್ತು? ನಾನು ನಿನ್ನೆಯಿಂದ ಅನ್ನ ನೀರು ಬಿಟ್ಟಿದೀನಿ!”

ಮುದುಕ ಡಬ್ಬಿಯ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

“ಒಲೆ ಮಾರಿದ್ಮೇಲೆ ಏನು ನೆಪ ಹೇಳ್ಕೊಂಡು ಅದನ್ನ ನೋಡೋಕೆ ಬರ್ಲಿ? ಬೆಂಕಿ ಇದೆಯೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದ್ರೆ, ಮಾತು ಕೊಟ್ಟವರು ಬಾಗಿಲು ಹಾಕೋಕಾಗಲ್ವಲ್ಲ.”

ಸ್ಟಾಸಿಯಾಳಿಗೆ ಅವನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ, ರೊಟ್ಟಿಯನ್ನು ಬಿಚ್ಚಿ ದೊಡ್ಡ ತುಂಡೊಂದನ್ನು ಅವನ ಕೈಗೆ ತುರುಕಿದಳು. ಅವನು ತಿನ್ನುತ್ತಿರುವಾಗ ಹೇಳಿದಳು:

“ಗ್ರಿಗಾಲಿಸ್ ಅವ್ರೇ, ಡಬ್ಬಕ್ಕೆ ಒಂದ್ಸಲ ತುಂಬಿದ್ರೆ ಎಷ್ಟು ದಿನ ಬರತ್ತೆ?”

“ಜನವರೀಲಾದ್ರೆ ಎರಡು. ಯಾಕೆ?”

“ಮೂರು ದಿನದ ಪೋಲ್ಕಾ ಇದೆ.”

“ಹಾಗಾದ್ರೆ ಯಾರಾದ್ರೂ ಬೇಕಲ್ಲ, ನಡುವೆ ತುಂಬೋಕೆ,” ಎಂದ ಮುದುಕ ಕಿಟಕಿಯಾಚೆ ನೋಡುತ್ತಾ. ಆಮೇಲೆ ತಡೆಯಲಾಗದೆ ತಂಗಿಯನ್ನು ಕೂಗಿದ: “ನನ್ನ ಚೀಲ ಬಿಚ್ಬೇಡ ಕಣೇ, ಜನವರೀಲಿ ಊರಿಗೆ ಹೋಗೋದಿದೆ!”

ಶುಕ್ರವಾರ ಬೆಳಿಗ್ಗೆ ಚರ್ಚಿನ ಫಲಕದ ಖಾಲಿ ಸಾಲು ತುಂಬಿತು. ಅಕ್ಷರ ಎಷ್ಟು ದಪ್ಪಗಿತ್ತೆಂದರೆ ಅದರ ಕೆಳಗಿನವರಿಗೆ ಜಾಗ ಸಾಲಲಿಲ್ಲ.

ಜನವರಿಯ ಹೋಟೆಲಿನ ವಿಷಯ ಹೇಳಿದಷ್ಟೂ ಕಡಿಮೆ. ಶುಕ್ರವಾರ ಕುಣಿದರು, ಶನಿವಾರ ಕುಣಿದರು, ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೂ ಕುಣಿದರು. ಕ್ಲೆಮ್ ಹೊಸ ನೀಲಿ ಅಂಗಿ ಹಾಕಿದ್ದ, ಯಾರು ಕೊಡಿಸಿದ್ದೆಂದು ಕೇಳದವರಿಗೂ ಹೇಳುತ್ತಿದ್ದ. ಭಾನುವಾರ ಮಧ್ಯಾಹ್ನ, ಇನ್ನು ಕೊನೆಯ ಹಾಡೊಂದೇ ಬಾಕಿಯಿರುವಾಗ, ನಡು ಹಾಡಿನಲ್ಲಿ ಸ್ಟಾಸಿಯಾಳ ಕೈ ತಾನಾಗಿ ಕ್ಲೆಮ್‌ನ ಕೈಯಿಂದ ಜಾರಿತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಅವಳು ಕೋಟಿನ ಕಡೆ ನಾಲ್ಕು ಹೆಜ್ಜೆ ನಡೆದುಬಿಟ್ಟಿದ್ದಳು. ಕ್ಲೆಮ್ ಎರಡೂ ಕೈ ಚಾಚಿ ನಿಂತಿದ್ದ.

“ಒಂದೇ ಒಂದು ಫೋನು,” ಎಂದು ಅಂಗಲಾಚಿ ಅವಳು ಹೊರಗೋಡಿದಳು.

ಹತ್ತು ಸಲ ರಿಂಗಾದ ಮೇಲೆ ಗ್ರಿಗಾಲಿಸ್ ಎತ್ತಿದ.

“ಏನು?”

“ನಾನು ಸ್ಟಾಸಿಯಾ. ಬೆಂಕಿ...”

“ಇದೆ. ನಿನ್ನೆ ತುಂಬಿದೀನಿ, ಬೂದಿ ತೆಗೆದಿದೀನಿ, ನಿನ್ನ ರೊಟ್ಟೀನೂ ಮುಗಿಸಿದೀನಿ. ಹೊರಗೆ ಹಿಮ ಬೀಳ್ತಿದೆ, ಹುಡುಗೀರು ಭಾರಿ ಜೋರಾಗಿ ಕುಣೀತಿದಾರೆ. ನಾನು ನೋಡ್ತಾ ಕೂತಿದ್ದೆ, ನೀನು ಎಬ್ಬಿಸ್ದೆ. ಫೋನಿಡು.”

ಅವಳು ಒಳಗೆ ಬಂದಾಗ ಅಕಾರ್ಡಿಯನ್‌ನವನು ನಿಧಾನವಾದ ವಾಲ್ಟ್ಸ್ ಒಂದನ್ನು ಹಿಡಿದಿದ್ದ. ಹಾಲಿನಲ್ಲಿ ಯಾರೂ ಕೇಕೆ ಹಾಕುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಜೊತೆಗಾರರ ಭುಜಕ್ಕೆ ತಲೆಯಿಟ್ಟು ಮೆಲ್ಲಗೆ ಸುತ್ತುತ್ತಿದ್ದರು. ಸ್ಟಾಸಿಯಾ ಬಾಗಿಲಲ್ಲೇ ನಿಂತಳು.

“ಕ್ಲೆಮ್, ಕೊನೆಗೆ ಹೀಗಾ ಮಾಡೋದು?”

“ಹೀಗೇ. ನಮ್ಮ ಹಾಲ್‌ನಲ್ಲೂ.”

“ಹನ್ನೊಂದು ವರ್ಷದಿಂದ ನೀನು ಈ ಹಾಡಿಗೆ ಯಾರ ಜೊತೆ ಕುಣೀತಿದ್ದೆ?”

“ಯಾರ ಜೊತೇನೂ ಇಲ್ಲ. ಕುರ್ಚಿ ಮಡಚಿಡ್ತಿದ್ದೆ,” ಎಂದ ಕ್ಲೆಮ್. ಅವಳು ಅವನ ನೀಲಿ ಅಂಗಿಯ ಭುಜಕ್ಕೆ ತಲೆಯಿಟ್ಟಳು. ಹಾಡು ಮುಗಿಯಿತು. ಕೆಲಸದವರು ದೀಪ ಹಾಕಿ ಕುರ್ಚಿಗಳನ್ನು ಮಡಚತೊಡಗಿದರು. ಇವರಿಬ್ಬರೂ ಇನ್ನೂ ಸುತ್ತುತ್ತಲೇ ಇದ್ದರು.